ಮಷೀನಿನ ಸದ್ದಿಗೆ ಕಿವಿಗೊಡೋಣ

(ಸ್ವಸಹಾಯ ಸಂಘಗಳ ಮಹಾಸಂಘದ ಸಭೆಯಲ್ಲಿ ಲಾಂಡ್ರಿ ಘಟಕದ ಸದಸ್ಯೆಯರು ಮಾಡಿದ ಭಾಷಣ)



ನಾವು ಹತ್ತು ಮಂದಿ ಸೇರಿ ಬ್ಯಾಂಕ್ ಸಾಲ ಪಡೆದು ಲಾಂಡ್ರಿ ಘಟಕ ನಡೆಸುತ್ತಿದ್ದೇವೆ. ಹಾಸ್ಟೆಲ್, ಲಾಡ್ಜ್‌ಗಳ ಬೆಡ್‌ಶೀಟು, ಟವೆಲು ಒಗೆದು ಕೊಡುವುದು ನಮ್ಮ ಕೆಲಸ. ಲೆಕ್ಕ ಬರೆಯುವುದನ್ನು, ಸಭೆ ನಡೆಸುವುದನ್ನು ತರಬೇತಿಯಲ್ಲಿ ಕಲಿತೆವು. ಮಷೀನಿನ ಬೇರಿಂಗ್ ವಿಚಾರವನ್ನು ಮಾತ್ರ ನಷ್ಟ ಮಾಡಿಕೊಂಡು ಕಲಿತೆವು. ನಿಮಗೆ ಹಾಗಾಗಬಾರದು ಅಂತ ಈ ನಾಲ್ಕು ಮಾತು.

ಮಷೀನಿಗೆ ಬಟ್ಟೆ ಹಾಕುವ ನಮ್ಮ ಸಹೋದರಿಯೊಬ್ಬರು ಒಂದು ದಿನ, "ಅಕ್ಕಾ, ಹಿಂಡುವಾಗ ಹಿಟ್ಟಿನ ಗಿರಣಿ ಥರ ಸದ್ದು ಬರ್ತಿದೆ" ಅಂದರು. "ಹಳೇ ಮಷೀನು, ಸದ್ದು ಮಾಡದೆ ಇರುತ್ತಾ?" ಅಂತ ನಾವು ಅವರ ಬಾಯಿ ಮುಚ್ಚಿಸಿದೆವು. ಮದುವೆ ಸೀಸನ್ನು, ಕೆಲಸ ನಿಲ್ಲಿಸಲು ಮನಸ್ಸಿರಲಿಲ್ಲ. ಎರಡು ತಿಂಗಳು ಹಾಗೇ ಓಡಿಸಿದೆವು. ಕೊನೆಗೆ ಮಷೀನು ನಿಂತೇ ಹೋಯಿತು. ಬಿಚ್ಚಿ ನೋಡಿದರೆ ಬೇರಿಂಗ್ ಜೊತೆಗೆ ಶಾಫ್ಟ್ ಕೂಡ ಸವೆದಿತ್ತು. ಸಣ್ಣದರಲ್ಲಿ ಮುಗಿಯುವ ಖರ್ಚು ಹಲವು ಪಟ್ಟಾಯಿತು. ಹದಿನೆಂಟು ದಿನ ದುಡಿಮೆ ಇಲ್ಲ. ಸಾಲದ ಕಂತನ್ನು ಉಳಿತಾಯದ ಹಣದಿಂದ ಕಟ್ಟಿದೆವು. ಇದಕ್ಕಿಂತ ನೋವಿನ ಸಂಗತಿ ಎಂದರೆ, ಸಭೆಯಲ್ಲಿ ಕೆಲವರು ಆ ಸಹೋದರಿಯನ್ನೇ ದೂರಿದರು. ಮೊದಲು ಎಚ್ಚರಿಸಿದವರೇ ಅವರು! ಮುಂದಿನ ಸಭೆಯಲ್ಲಿ ನಾವೆಲ್ಲರೂ ಅವರ ಕ್ಷಮೆ ಕೇಳಿದೆವು.

ಬೇರಿಂಗ್ ಯಾಕೆ ಹೋಗುತ್ತದೆ?

ಎದುರಿನಿಂದ ಬಟ್ಟೆ ಹಾಕುವ ದೊಡ್ಡ ಮಷೀನಿನಲ್ಲಿ ಡ್ರಮ್ಮಿನ ಹಿಂದೆ ಶಾಫ್ಟ್ ಇದೆ. ಅದು ಸಾಮಾನ್ಯವಾಗಿ ಎರಡು ಬೇರಿಂಗ್‌ಗಳಲ್ಲಿ ತಿರುಗುತ್ತದೆ. ಅಲ್ಲಿಗೆ ನೀರು ಹೋಗದಂತೆ ರಬ್ಬರ್ ಸೀಲ್ ತಡೆಯುತ್ತದೆ. ಸೀಲ್ ಸವೆದರೆ ಸೋಪಿನ ನೀರು ನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ, ಒಳಗಿನ ಉಕ್ಕಿನ ಗುಂಡುಗಳಿಗೆ ತುಕ್ಕು ಹಿಡಿಯುತ್ತದೆ. ಮಿತಿಮೀರಿ ಬಟ್ಟೆ ತುಂಬುವುದು, ಒಂದೇ ದೊಡ್ಡ ರಗ್ಗು ಹಾಕಿ ಹಿಂಡುವುದು, ಮಷೀನು ಸಮತಟ್ಟಾಗಿ ಕೂರದಿರುವುದು, ಬೆಲ್ಟ್ ಅತಿ ಬಿಗಿಯಾಗಿರುವುದು – ಇವೂ ಬೇರಿಂಗಿನ ಆಯುಷ್ಯ ಕಡಿಮೆ ಮಾಡುತ್ತವೆ.

ಗುರುತು ಹಿಡಿಯುವುದು ಹೇಗೆ?

1. ಹಿಂಡುವಾಗ ಗಡಗಡ ಸದ್ದು ದಿನದಿಂದ ದಿನಕ್ಕೆ ಹೆಚ್ಚುತ್ತದೆ.
2. ಮಷೀನಿನ ಹಿಂಭಾಗದಲ್ಲಿ ತುಕ್ಕು ಬಣ್ಣದ ನೀರು ಇಳಿದ ಗೆರೆ ಕಾಣುತ್ತದೆ.
3. ಮೇನ್ ಸ್ವಿಚ್ ಆಫ್ ಮಾಡಿ, ಖಾಲಿ ಡ್ರಮ್ಮಿನ ಅಂಚನ್ನು ಕೈಯಿಂದ ಮೇಲಕ್ಕೆತ್ತಿ ನೋಡಿ. ಶಾಫ್ಟ್ ಬಳಿ ಕಟಕಟ ಅಂತ ಆಡಿದರೆ ಬೇರಿಂಗ್ ಸವೆದಿದೆ ಎಂದೇ ತಿಳಿಯಿರಿ.

ಇಂಥ ಗುರುತು ಕಂಡರೆ ಮಷೀನು ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಯಿರಿ. ಡ್ರಮ್ ಬಹಳ ಭಾರ, ನಾವೇ ಬಿಚ್ಚಲು ಹೋಗಬಾರದು. ಆದರೆ ಪಕ್ಕದಲ್ಲಿ ನಿಂತು ನೋಡಬೇಕು, ಕೇಳಬೇಕು.

ರಿಪೇರಿ ಮಾಡಿಸುವಾಗ

ಎರಡೂ ಬೇರಿಂಗ್ ಮತ್ತು ಸೀಲ್ ಒಟ್ಟಿಗೇ ಬದಲಾಯಿಸಿ. ಹಳೇ ಸೀಲ್ ಉಳಿಸಿದರೆ ಹೊಸ ಬೇರಿಂಗಿಗೂ ನೀರು ಹೋಗುತ್ತದೆ. ಸೀಲ್ ಕೂರುವ ಕಡೆ ಶಾಫ್ಟಿನಲ್ಲಿ ಗೆರೆ ಬಿದ್ದಿದ್ದರೆ ಅದನ್ನೂ ಸರಿಪಡಿಸಬೇಕು. ಬೇರಿಂಗಿನ ಮೇಲೆ ನಂಬರ್ ಇರುತ್ತದೆ. ಉದಾಹರಣೆಗೆ 6308 ಅಂದರೆ ಒಳಗಿನ ತೂತು 40 ಮಿ.ಮೀ., ಹೊರ ಅಳತೆ 90 ಮಿ.ಮೀ. ನಿಮ್ಮ ಮಷೀನಿನ ನಂಬರ್ ಬರೆದಿಟ್ಟುಕೊಳ್ಳಿ, ನಂಬಿಕಸ್ಥ ಅಂಗಡಿಯಲ್ಲಿ ಬಿಲ್ ಪಡೆದೇ ಕೊಳ್ಳಿ. ಹೊಸ ಬೇರಿಂಗನ್ನು ನೇರ ಸುತ್ತಿಗೆಯಿಂದ ಬಡಿದು ಕೂರಿಸಲು ಬಿಡಬೇಡಿ. ಪೆಟ್ಟು ಗುಂಡುಗಳ ಮೇಲೆ ಬಿದ್ದರೆ ಹೊಸದೂ ಬೇಗ ಹಾಳಾಗುತ್ತದೆ. ಬದಲಾಯಿಸಿದ ಹಳೇ ಭಾಗಗಳನ್ನು ಕೇಳಿ ಪಡೆಯಿರಿ.

ಈಗ ನಾವು ಎರಡು ನಿಯಮ ಮಾಡಿಕೊಂಡಿದ್ದೇವೆ. ತಿಂಗಳ ಲಾಭ ಹಂಚುವ ಮೊದಲೇ ರಿಪೇರಿ ನಿಧಿಗೆ ಒಂದು ಪಾಲು ತೆಗೆದಿಡುತ್ತೇವೆ. ಮಷೀನಿನ ಬಳಿ ಒಂದು ಪುಸ್ತಕ ಇಟ್ಟಿದ್ದೇವೆ. ಯಾರೇ ಹೊಸ ಸದ್ದು ಕೇಳಿದರೂ ಅದರಲ್ಲಿ ಬರೆಯುತ್ತಾರೆ, ವಾರದ ಸಭೆಯಲ್ಲಿ ಓದಿ ತೀರ್ಮಾನ ಮಾಡುತ್ತೇವೆ.

ದೀಪಕ್ಕೆ ಎಣ್ಣೆಯನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡ ಐವರು ಜಾಣ ಕನ್ಯೆಯರ ಸಾಮತಿ ಯೇಸುಸ್ವಾಮಿ ಹೇಳಿದ್ದಾರೆ. ರಿಪೇರಿ ನಿಧಿ ನಮ್ಮ ಪಾಲಿಗೆ ಆ ಎಣ್ಣೆ. ಮಷೀನಿನ ಸದ್ದನ್ನೂ ಕೇಳೋಣ, ಅದರ ಮುಂದೆ ದುಡಿಯುವ ಸಹೋದರಿಯ ಮಾತನ್ನೂ ಕೇಳೋಣ.