ಎಲುಬು ಮುರಿದವರ ಕಣ್ಣು ಮಂಜಾದರೆ

ಅಡಕೆ ಕೊಯ್ಲು ಬಂತೆಂದರೆ ನಮ್ಮ ಕಾಸರಗೋಡಿನ ತೋಟಗಳಲ್ಲಿ ಮರದಿಂದ ಯಾರೋ ಬಿದ್ದ ಸುದ್ದಿ ಕೇಳಿಬರುವುದುಂಟು. ಬಿದ್ದವನ ತೊಡೆಯ ಎಲುಬು ಮುರಿದಿದೆ, ತಲೆಗೆ ಏಟಾಗಿಲ್ಲ, ಪ್ರಜ್ಞೆಯೂ ಇದೆ ಎಂದರೆ ಮನೆಯವರಿಗೆ ಅರ್ಧ ಸಮಾಧಾನ. ಆದರೆ ಎರಡನೆಯ ದಿನ ಆತ, "ನನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ" ಎಂದರೆ ನೀವೇನು ಮಾಡುತ್ತೀರಿ? ನೋವಿನ ಸುಸ್ತು, ಮಾತ್ರೆಯ ಮಂಪರು ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಹಾಗೆ ಸುಮ್ಮನಿರಬಾರದು ಎಂದು ಹೇಳುವುದಕ್ಕೇ ಇವತ್ತಿನ ಈ ನಾಲ್ಕು ಮಾತು.

ಕಾಲಿಗೂ ಕಣ್ಣಿಗೂ ಎಲ್ಲಿಯ ಸಂಬಂಧ ಎಂದು ಕೇಳಬಹುದು. ದೊಡ್ಡವರ ತೊಡೆ ಮತ್ತು ಮೊಣಕಾಲಿನ ಕೆಳಗಿನ ಉದ್ದ ಎಲುಬುಗಳ ಪೊಳ್ಳಿನಲ್ಲಿ ಮಜ್ಜೆಯಿದೆ. ಅದರ ಬಹುಪಾಲು ಕೊಬ್ಬು. ಎಲುಬು ಮುರಿದಾಗ ಈ ಕೊಬ್ಬಿನ ಹನಿಗಳು ಹರಿದ ರಕ್ತನಾಳಗಳೊಳಗೆ ಸೇರಿ ಮೊದಲು ಶ್ವಾಸಕೋಶಕ್ಕೆ ಬರುತ್ತವೆ. ಹೆಚ್ಚಿನವರಿಗೆ ಇದರ ಅರಿವೂ ಆಗುವುದಿಲ್ಲ. ಬಹಳ ವಿರಳವಾಗಿ ಮಾತ್ರ ಅವು ಶ್ವಾಸಕೋಶವನ್ನು ದಾಟಿ ಮಿದುಳಿಗೂ ಕಣ್ಣಿನ ಅಕ್ಷಿಪಟಲಕ್ಕೂ ಹೋಗಿ, ಕೂದಲಿಗಿಂತ ತೆಳುವಾದ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಹನಿ ನೀರಾವರಿಯ ಸಣ್ಣ ತೂತಿಗೆ ಕಸ ಕಟ್ಟಿದರೆ ಗಿಡದ ಬುಡ ಒಣಗುವುದಿಲ್ಲವೇ? ಹಾಗೆಯೇ ಇದೂ. ವೈದ್ಯರು ಇದನ್ನು ಫ್ಯಾಟ್ ಎಂಬಾಲಿಸಂ ಎನ್ನುತ್ತಾರೆ.

ಪೆಟ್ಟು ದೇಹದ ಬೇರೆಡೆ ಬಿದ್ದು, ಕಣ್ಣಿಗೆ ಗಾಯವೇ ಇಲ್ಲದೆ ದೃಷ್ಟಿ ಕುಂದುವುದನ್ನು 1910ರಲ್ಲಿ ಆಸ್ಟ್ರಿಯದ ನೇತ್ರವೈದ್ಯ ಓಟ್ಮಾರ್ ಪುರ್ಚರ್ ವಿವರಿಸಿದರು. ಅವರು ಕಂಡ ರೋಗಿಯೂ ಮರದಿಂದ ಬಿದ್ದವನೇ, ಪೆಟ್ಟಾದದ್ದು ತಲೆಗೆ. ಅವನ ಅಕ್ಷಿಪಟಲದಲ್ಲಿ ಬಿಳಿಯ ಮಚ್ಚೆಗಳೂ ರಕ್ತಸ್ರಾವವೂ ಇದ್ದವು. ಕೊಬ್ಬಿನ ಹನಿ ಸಿಕ್ಕಿಕೊಂಡಾಗಲೂ ಹೆಚ್ಚು ಕಡಿಮೆ ಇಂಥದೇ ಚಿತ್ರ ಕಾಣಿಸುತ್ತದೆ.

ಸಾಮಾನ್ಯವಾಗಿ ಪೆಟ್ಟಾದ ಮೊದಲ ಮೂರು ದಿನಗಳಲ್ಲಿ ಎಚ್ಚರ ಬೇಕು. ಉಸಿರಾಟ ಜೋರಾಗುವುದು, ಮಾತು ತಪ್ಪುವುದು, ಎದೆ, ಕಂಕುಳು, ಕಣ್ಣುರೆಪ್ಪೆಯ ಒಳಭಾಗಗಳಲ್ಲಿ ಕೆಂಪು ಚುಕ್ಕೆಗಳೇಳುವುದು ಇದರ ಲಕ್ಷಣಗಳು. ಕಣ್ಣು ಹೊರಗಿನಿಂದ ಚೆನ್ನಾಗಿಯೇ ತೋರಬಹುದು, ನೋವೂ ಇಲ್ಲದಿರಬಹುದು. ಆದ್ದರಿಂದ ಒಂದೊಂದೇ ಕಣ್ಣು ಮುಚ್ಚಿಸಿ, ನಿಮ್ಮ ಬೆರಳುಗಳನ್ನು ಎಣಿಸಲು ಹೇಳಿ. ತಪ್ಪಿದರೆ ಕೂಡಲೇ ವೈದ್ಯರಿಗೆ ತಿಳಿಸಿ.

ಬಿದ್ದವನನ್ನು ಕೈಕಾಲು ಹಿಡಿದು ಎತ್ತಬೇಡಿ. ಮುರಿದ ಕಾಲಿಗೆ ದಬ್ಬೆ ಕೊಟ್ಟು, ಅಲುಗದಂತೆ ಕಟ್ಟಿ, ಎಲುಬು ಕೂಡಿಸುವ ಶಸ್ತ್ರಕ್ರಿಯೆಯ ಸೌಕರ್ಯವಿರುವ ಆಸ್ಪತ್ರೆಗೆ ಒಯ್ಯಿರಿ. ಎಣ್ಣೆ ಹಚ್ಚಿ ತಿಕ್ಕುವುದು ಖಂಡಿತ ಬೇಡ. ಎಲುಬನ್ನು ಬೇಗ ಸ್ಥಿರಗೊಳಿಸಿದಷ್ಟೂ ಅಪಾಯ ಕಡಿಮೆ.

ಕಣ್ಣಿಗೆ ಇದೇ ಮದ್ದು ಎಂದು ಖಚಿತವಾಗಿ ಹೇಳಬಲ್ಲ ಔಷಧಿಯಿಲ್ಲ. ಹಲವರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ದೃಷ್ಟಿ ಪೂರ್ತಿಯಾಗಿಯೋ ಸ್ವಲ್ಪವೋ ಮರಳುತ್ತದೆ. ಕೆಲವರಿಗೆ ಮರಳುವುದಿಲ್ಲ. ಮದ್ದೇ ಇಲ್ಲದ ಮೇಲೆ ಅವಸರವೇಕೆ ಎಂದರೆ, ಕಣ್ಣಿಗೆ ಹೋದ ಹನಿ ಮಿದುಳಿಗೂ ಹೋಗಿರಬಹುದು, ಶ್ವಾಸಕೋಶವೂ ಸೋಲುತ್ತಿರಬಹುದು. ಆಗ ಸಕಾಲದಲ್ಲಿ ಸಿಗುವ ಆಮ್ಲಜನಕ ಮತ್ತು ತೀವ್ರ ನಿಗಾ ಪ್ರಾಣ ಉಳಿಸುತ್ತವೆ.

ಮಲಗಿದವನು "ಮಂಜು ಮಂಜಾಗಿ ಕಾಣುತ್ತದೆ" ಎಂದರೆ ಅದನ್ನು ಗೊಣಗಾಟವೆಂದು ತಳ್ಳಿಹಾಕಬೇಡಿ. ಆ ಮಾತನ್ನು ವೈದ್ಯರ ಕಿವಿಗೆ ಮುಟ್ಟಿಸುವ ಕೆಲಸ ಪಕ್ಕದಲ್ಲಿ ಕುಳಿತ ನಿಮ್ಮದು.