1836ಕ್ಕೆ ಕಾದವರು, ಮಂಗಳೂರಿಗೆ ಬಂದವರು



ಬೈಬಲಿನ ದಾನಿಯೇಲ ಮತ್ತು ಪ್ರಕಟನೆ ಪುಸ್ತಕಗಳು ಅಂತ್ಯಕಾಲದ ಬಗ್ಗೆ ಆಡುವ ಮಾತನ್ನು ಕ್ರೈಸ್ತರು ಹೇಗೆಲ್ಲ ಅರ್ಥಮಾಡಿಕೊಂಡರು ಎಂಬುದು ಇಂದಿನ ವಿಷಯ. ದೂರದ ದೇಶದ ಪಂಡಿತರ ಚರ್ಚೆ ಇದು, ನಮಗೇಕೆ ಎಂದು ಯಾರೂ ಭಾವಿಸಬೇಡಿ. ಇಲ್ಲಿ ಮಂಗಳೂರಿನ ಬೋಳಾರದಲ್ಲಿ, 1568ರಲ್ಲಿ ಪೋರ್ಚುಗೀಸರು ಆರಂಭಿಸಿದ ರೊಸಾರಿಯೊ ಇಗರ್ಜಿ ಇದೆ. ಪಕ್ಕದ ಜೆಪ್ಪುವಿನಲ್ಲಿ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಒಂದೇ ಪುಸ್ತಕವನ್ನು ಬೇರೆಬೇರೆ ರೀತಿ ಓದಿದ ಕಥೋಲಿಕ, ಪ್ರೊಟೆಸ್ಟಂಟ್ ಎಂಬ ಎರಡು ಪರಂಪರೆಗಳು ನಮ್ಮ ಊರಿನಲ್ಲಿ ನೆರೆಹೊರೆಯಾಗಿ ಬಾಳಿವೆ.

ಬಾಸೆಲ್ ಮಿಶನಿನಿಂದ ಆರಂಭಿಸುತ್ತೇನೆ. ಇಲ್ಲಿಗೆ ಬಂದ ಮಿಶನರಿಗಳಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ಪಯಟಿಸಂ ಎಂಬ ಆ ಸೀಮೆಯ ಕ್ರೈಸ್ತ ಭಕ್ತಿಪಂಥಕ್ಕೆ 18ನೇ ಶತಮಾನದ ದೊಡ್ಡ ಗುರು ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್. ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು ಅಕ್ಷರ ಅಕ್ಷರ ಪರಿಶೋಧಿಸಿದ ಮಹಾ ವಿದ್ವಾಂಸ. ಅದೇ ಶ್ರದ್ಧೆಯಿಂದ ಅವನು ಪ್ರಕಟನೆಯ ಸಂಖ್ಯೆಗಳನ್ನೂ ಲೆಕ್ಕ ಹಾಕಿದ. ಅಲ್ಲಿ ದೇವವಿರೋಧಿ ಶಕ್ತಿಯಾಗಿ ಬರುವ ಮೃಗದ ಸಂಖ್ಯೆಯಾದ 666ನ್ನು ವರ್ಷಗಳೆಂದು ಹಿಡಿದು, ಮೃಗಕ್ಕೆ ಅಧಿಕಾರ ಸಿಕ್ಕಿದ 42 ತಿಂಗಳಿಗೆ ಹೊಂದಿಸಿ, ಚರಿತ್ರೆಯ ಘಟನೆಗಳನ್ನು ಅದರ ಮೇಲೆ ಜೋಡಿಸುತ್ತ ಹೋದ. ಮೃಗ ಬೀಳುವ ವರ್ಷ 1836 ಎಂದು ಬಂತು. ಆ ವರ್ಷ ದೊಡ್ಡ ಬದಲಾವಣೆ ಏನೂ ಕಾಣದೆ ಕಳೆದುಹೋದರೆ ತನ್ನ ಲೆಕ್ಕದಲ್ಲಿ ಮೂಲದೋಷವಿದೆ ಎಂದು ತಿಳಿಯಬೇಕೆಂದು ಅವನೇ ಹೇಳಿಟ್ಟಿದ್ದ. ಈ ಮಾತಿಗಾಗಿ ನಾನು ಬೆಂಗೆಲನನ್ನು ಗೌರವಿಸುತ್ತೇನೆ. ಆಮೇಲೆ ದಿನಾಂಕ ಸಾರಿದವರಲ್ಲಿ ಇಷ್ಟು ಪ್ರಾಮಾಣಿಕತೆ ಅಪರೂಪ.

ಅವನು 1752ರಲ್ಲಿ ತೀರಿಕೊಂಡ, ಲೆಕ್ಕ ಉಳಿಯಿತು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಹೋಯಿತು, ವ್ಯೂರ್ಟೆಂಬರ್ಗಿನಲ್ಲಿ ಕ್ಷಾಮ ಬಂತು. ನೆಪೋಲಿಯನ್ನನ ಯುದ್ಧಗಳಿಂದ ಆಗಲೇ ಬಸವಳಿದಿದ್ದ ಜನ ಇದನ್ನೆಲ್ಲ ಅಂತ್ಯದ ಗುರುತೆಂದೇ ಓದಿದರು. 1817ರಲ್ಲಿ ಸಾವಿರಾರು ಜನ ಆಶ್ರಯ ಹುಡುಕಿ ಕಾಕಸಸ್ ಕಡೆಗೆ ಗುಳೆ ಹೊರಟರು. ಪ್ರಜೆಗಳು ಹೀಗೆ ದೇಶ ಬಿಡುವುದನ್ನು ತಡೆಯಲು ಅಲ್ಲಿನ ಅರಸ 1819ರಲ್ಲಿ ಕೋರ್ನ್‌ತಾಲ್ ಎಂಬಲ್ಲಿ ಭಕ್ತಿಪಂಥದವರಿಗೆ ಸ್ವತಂತ್ರ ನೆಲೆ ಕೊಟ್ಟ. ಅದನ್ನು ಕಟ್ಟಿದ ಹಾಫ್‌ಮನ್ ಎಂಬವನ ಒಬ್ಬ ಮಗ ವಿಲ್‌ಹೆಲ್ಮ್ 1839ರಲ್ಲಿ ಬಾಸೆಲ್ ಮಿಶನಿನ ಮುಖ್ಯಸ್ಥನಾದ. ಅವನ ತಮ್ಮ ಕ್ರಿಸ್ಟೋಫ್ ದೇವಜನರನ್ನು ಪವಿತ್ರಭೂಮಿಯಲ್ಲೇ ಒಟ್ಟುಗೂಡಿಸಬೇಕೆಂದು ಹೊರಟು 1868ರಲ್ಲಿ ಹೈಫಾಕ್ಕೆ ಹೋದ. ಒಂದೇ ಮನೆಯ ಒಂದೇ ನಿರೀಕ್ಷೆ ಒಬ್ಬನನ್ನು ಪ್ಯಾಲೆಸ್ಟೈನಿಗೆ ಕರೆದೊಯ್ದರೆ, ಇನ್ನೊಬ್ಬನ ಮೂಲಕ ಮಂಗಳೂರಿಗೆ ಜನರನ್ನು ಕಳಿಸಿತು.

ಮಂಗಳೂರಿಗೆ ಮೊದಲು ಬಂದವರು ಹೆಬಿಕ್, ಲೇನರ್, ಗ್ರೈನರ್. 1834ರ ಅಕ್ಟೋಬರ್ 30ರಂದು ಇಲ್ಲಿ ಇಳಿದರು. ಹೆರ್ಮನ್ ಮೋಗ್ಲಿಂಗ್ ಬಂದದ್ದು ಸರಿಯಾಗಿ 1836ರಲ್ಲಿ. ಇವರೆಲ್ಲ ಬೆಂಗೆಲನ ಲೆಕ್ಕವನ್ನು ನಂಬಿದ್ದರೆಂದು ನಾನು ಹೇಳುತ್ತಿಲ್ಲ. ಅವರ ನಾಡಿನ ಪ್ರಾರ್ಥನಾಕೂಟಗಳು ಆ ನಿರೀಕ್ಷೆಯಲ್ಲೇ ಉಸಿರಾಡುತ್ತಿದ್ದವು. ಸುವಾರ್ತೆ ಎಲ್ಲ ಜನಾಂಗಗಳಿಗೂ ತಲುಪಿದ ಮೇಲೆ ಅಂತ್ಯ ಬರುವುದೆಂದು ಮತ್ತಾಯನ 24ನೇ ಅಧ್ಯಾಯ ಹೇಳುತ್ತದೆ. ಆ ಸಾಲನ್ನು ಮನಸ್ಸಿಗೆ ತೆಗೆದುಕೊಂಡವನು ಮನೆಯಲ್ಲಿ ಕೈಕಟ್ಟಿ ಕೂರುವುದಿಲ್ಲ, ಹಡಗು ಹತ್ತುತ್ತಾನೆ.

ಬಂದವರು ಇಲ್ಲಿ ಮಾಡಿದ್ದೇನು? 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ. 1843ರಲ್ಲಿ ಮೋಗ್ಲಿಂಗನ ‘ಮಂಗಳೂರ ಸಮಾಚಾರ’ ಪತ್ರಿಕೆ. 1847ರಲ್ಲಿ ಬಲ್ಮಠದ ದೇವಶಾಸ್ತ್ರ ಶಾಲೆ. ಆಮೇಲೆ ಮಿಶನಿನವನೇ ಆದ ಪ್ಲೆಬ್‌ಸ್ಟ್ ಕೈಯಲ್ಲಿ ಜೆಪ್ಪುವಿನ ಹೆಂಚು. 1894ರಲ್ಲಿ ಕಿಟ್ಟೆಲರ ನಿಘಂಟು. ಮಳೆಗಾಲಗಳನ್ನು ತಡೆಯಬೇಕಾದ ಹೆಂಚನ್ನೂ, ತಲೆಮಾರುಗಳು ತಿರುವಿ ಹಾಕುವ ನಿಘಂಟನ್ನೂ ನಾಳೆಯೇ ಲೋಕ ಮುಗಿಯುತ್ತದೆಂದು ಕುಳಿತವರು ಮಾಡಲಾರರು. ಅಂತ್ಯದ ನಿರೀಕ್ಷೆಯನ್ನು ಸರಿಯಾಗಿ ಹೊತ್ತವರು ಅದನ್ನು ಕೆಲಸವಾಗಿ ಮಾರ್ಪಡಿಸಿದರು. ಈ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಆ ನಿರೀಕ್ಷೆಗೆ ಕಠಿಣ ಮುಖವೂ ಇತ್ತು, ಮುಚ್ಚಿಡುವುದು ಸರಿಯಲ್ಲ. 1841ರಲ್ಲಿ ಕಣ್ಣೂರಿಗೆ ಹೋದ ಹೆಬಿಕ್ ತಳಿಪರಂಬ, ಪಯ್ಯಾವೂರಿನ ಜಾತ್ರೆಗಳಲ್ಲಿ ನಿಂತು ಸುವಾರ್ತೆ ಸಾರುತ್ತಿದ್ದ. ತೀರ್ಪಿನ ದಿನದ ಬೆಳಕಿನಲ್ಲಿ ಮಾತ್ರ ಲೋಕವನ್ನು ಕಂಡವರಿಗೆ ಎದುರಿನವರ ಆರಾಧನೆ ಬರೀ ಕತ್ತಲಾಗಿ ಕಂಡಿತು. ಆದರೂ ಅದೇ ಮಿಶನಿನ ಮುದ್ರಣಾಲಯದಲ್ಲಿ 1886ರಲ್ಲಿ ಭೂತಾರಾಧನೆಯ ತುಳು ಹಾಡುಗಳಾದ ಪಾಡ್ದನಗಳು ಅಚ್ಚಾದವು. ಜನರ ನಡುವೆ ಬಹುಕಾಲ ಬದುಕಿದ್ದರ ಫಲ ಅದು ಎಂದು ನನ್ನ ಎಣಿಕೆ.

ಕಥೋಲಿಕ ಪರಂಪರೆ ಬೇರೆ ದಾರಿ ಹಿಡಿಯಿತು. ಪ್ರಕಟನೆಯ ಸಾವಿರ ವರ್ಷವೆಂದರೆ ಕ್ರಿಸ್ತನ ಮೊದಲ ಬರೋಣದಿಂದ ಎರಡನೆಯ ಬರೋಣದವರೆಗಿನ ಸಭೆಯ ಕಾಲವೇ ಎಂದು ಸಂತ ಅಗಸ್ಟೀನ್ ಓದಿದ, ಅದೇ ನಿಂತಿತು. ಲೂಥರನ ಅನುಯಾಯಿಗಳು ಪೋಪನೇ ಕ್ರಿಸ್ತವಿರೋಧಿ ಎಂದಾಗ, 16ನೇ ಶತಮಾನದ ಜೆಸುಯಿಟ್ ರಿಬೇರಾ ಪ್ರಕಟನೆಯ ಭವಿಷ್ಯವಾಣಿಗಳ ಬಹುಪಾಲನ್ನು ಲೋಕದ ಕಟ್ಟಕಡೆಯ ಕಾಲಕ್ಕೆ ಸರಿಸಿದ. ಕ್ರಿಸ್ತನು ಕಣ್ಣಿಗೆ ಕಾಣುವಂತೆ ಭೂಮಿಯ ಮೇಲೆ ಆಳುವನೆಂಬ ಬೋಧನೆ ಸುರಕ್ಷಿತವಲ್ಲವೆಂದು ವ್ಯಾಟಿಕನ್ 1944ರಲ್ಲಿ ಸ್ಪಷ್ಟವಾಗಿ ಹೇಳಿತು.

ಆದರೆ ರೊಸಾರಿಯೊದ ಜನ ಪ್ರಕಟನೆ ಪುಸ್ತಕವನ್ನು ಪಂಡಿತರಿಗಿಂತ ಹತ್ತಿರದಿಂದ ಬಲ್ಲರು. 1784ರಲ್ಲಿ ಮೈಸೂರಿನ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಬಂದಿಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು; ಈ ಇಗರ್ಜಿಯೂ ನೆಲಸಮವಾಯಿತು. 1799ರಲ್ಲಿ ಟಿಪ್ಪು ಮಡಿದ ನಂತರ ಉಳಿದವರು ಮರಳಿದರು, ಮತ್ತೆ ಕಟ್ಟಿದರು. ಪ್ರಕಟನೆಯನ್ನು ಬರೆದದ್ದೂ ಇಂಥವರಿಗೇ: ರೋಮಿನ ಅಧಿಕಾರದ ಕೆಳಗೆ ನಲುಗುತ್ತಿದ್ದ, ಏಷ್ಯಾ ಮೈನರಿನ ಏಳು ಪುಟ್ಟ ಸಭೆಗಳಿಗೆ. ದಬ್ಬಾಳಿಕೆಯ ಸಿಂಹಾಸನ ಶಾಶ್ವತವಲ್ಲ, ಕಣ್ಣೀರು ಒರೆಸುವವನಿದ್ದಾನೆ ಎಂಬ ಧೈರ್ಯ ಅದರ ಹೃದಯ. ಅದನ್ನು ಪಂಚಾಂಗದಂತೆ ಓದಿದರೆ ಈ ಧೈರ್ಯವೇ ಕೈತಪ್ಪುತ್ತದೆ.

ಇಂದು ಹೆಚ್ಚು ಕೇಳಿಬರುವ ಓದು ಮಾತ್ರ ಮೂರನೆಯದು. ವಿಶ್ವಾಸಿಗಳು ಮೊದಲು ಮೇಲಕ್ಕೆ ಎತ್ತಲ್ಪಡುವರು, ಆಮೇಲೆ ಏಳು ವರ್ಷದ ಮಹಾಸಂಕಟ ಎಂಬುದು. ಇದನ್ನು 1830ರ ದಶಕದಲ್ಲಿ ರೂಪಿಸಿದವನು ಜಾನ್ ನೆಲ್ಸನ್ ಡಾರ್ಬಿ ಎಂಬ ಧರ್ಮಬೋಧಕ. 1909ರ ಸ್ಕೋಫೀಲ್ಡ್ ಬೈಬಲ್ ಅದನ್ನು ಅಡಿಟಿಪ್ಪಣಿಗಳ ಮೂಲಕ ಮನೆಮನೆಗೆ ಮುಟ್ಟಿಸಿತು. ಇದು ಅಪೊಸ್ತಲರ ಕಾಲದಿಂದ ಬಂದದ್ದೆಂದು ಹಲವರು ನಂಬಿದ್ದಾರೆ. ಒಂದು ಕ್ರಮಬದ್ಧ ಬೋಧನೆಯಾಗಿ ಅದಕ್ಕೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ.

ಕೊರೊನಾ ಲಸಿಕೆಯೇ ಮೃಗದ ಗುರುತು ಎಂಬ ಸಂದೇಶಗಳು ಹರಿದಾಡಿದ್ದು ನಿಮಗೆ ನೆನಪಿರಬಹುದು. ಪಶ್ಚಿಮ ಏಷ್ಯಾದಲ್ಲಿ ಬಾಂಬು ಬಿದ್ದಾಗಲೆಲ್ಲ ಹೊಸ ದಿನಾಂಕಗಳು ಬರುತ್ತವೆ; ಸತ್ತವರ ಬಗ್ಗೆ ಅವುಗಳಲ್ಲಿ ಒಂದು ಮರುಕದ ಮಾತೂ ಇರುವುದಿಲ್ಲ. ಇದು ನನ್ನನ್ನು ಬಹಳ ನೋಯಿಸುತ್ತದೆ. ದಿನಾಂಕ ನಂಬಿದವರು ಹಿಂದೆಯೂ ನಷ್ಟಪಟ್ಟಿದ್ದಾರೆ: ಅಮೆರಿಕದ ವಿಲಿಯಂ ಮಿಲ್ಲರನ ಅನುಯಾಯಿಗಳಾಗಿ ಕ್ರಿಸ್ತನ ಬರೋಣಕ್ಕಾಗಿ 1844ರ ಅಕ್ಟೋಬರ್ 22ಕ್ಕೆ ಕಾದವರಲ್ಲಿ ಕೆಲವರು ಹೊಲದ ಬೆಳೆಯನ್ನೇ ಕೊಯ್ಯದೆ ಬಿಟ್ಟಿದ್ದರು.

ಸಭೆಯ ಹಿರಿಯರಲ್ಲಿ, ಪಾದ್ರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಪ್ರಕಟನೆಯನ್ನು ಭಯ ಮಾರುವವರ ಕೈಗೆ ಬಿಡಬೇಡಿ. ನಿಮ್ಮ ಕೂಟಗಳಲ್ಲಿ ಮಕ್ಕಳ ಜೊತೆ ಕುಳಿತು 22 ಅಧ್ಯಾಯಗಳನ್ನೂ ಪೂರ್ತಿ ಓದಿ. ಯಾರಾದರೂ ದಿನಾಂಕ ಕಳಿಸಿದರೆ ಮಾರ್ಕನ 13ನೇ ಅಧ್ಯಾಯದ 32ನೇ ವಚನ ತೆರೆದು ತೋರಿಸಿ. ಆ ದಿನ ಮಗನಿಗೂ ತಿಳಿಯದೆಂದು ಯೇಸುವೇ ಅಲ್ಲಿ ಹೇಳಿದ್ದಾನೆ. ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.