ತುಟಿ ನೀಲಿಯಾದ ಮಗು
(ಸ್ವಸಹಾಯ ಸಂಘಗಳ ಆರೋಗ್ಯ ಮಾಹಿತಿ ಸಭೆಯಲ್ಲಿ ಸಿಸ್ಟರ್ ಒಬ್ಬರು ಮಾಡಿದ ಭಾಷಣ)



ಮಕ್ಕಳ ಹೃದಯದ ಬಗ್ಗೆ ಮಾತಾಡಿ ಸಿಸ್ಟರ್ ಅಂದರು. ನಾನು ಡಾಕ್ಟರಲ್ಲ, ಸಮಾಜಕಾರ್ಯ ಓದಿದವಳು. ಆದರೂ ಒಪ್ಪಿಕೊಂಡೆ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಭೇಟಿ ಕೊಡುತ್ತಿದ್ದ ಒಂದು ಬಾಲವಾಡಿಯಲ್ಲಿ ನಾಲ್ಕು ವರ್ಷದ ಹುಡುಗಿ ಇದ್ದಳು. ಸ್ವಲ್ಪ ಓಡಿದರೆ ಸಾಕು, ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದಳು. "ಏಳೇ ಸೋಮಾರಿ" ಎಂದು ಕೈಹಿಡಿದು ಎಬ್ಬಿಸುತ್ತಿದ್ದೆ. ತುಟಿ ಮಾತ್ರ ನೇರಳೆ ಹಣ್ಣು ತಿಂದ ಹಾಗೆ. ಅಜ್ಜಿ ಬಾಲಗ್ರಹ ಅಂತ ತಾಯಿತ ಕಟ್ಟಿಸಿದ್ದರು. ಮುಂದಿನ ಮಳೆಗಾಲದಲ್ಲಿ ಮಗು ತೀರಿಹೋಯಿತು. ಹಾಗೆ ಕೂರುವುದೇ ರೋಗದ ಗುರುತು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಹೆಲೆನ್ ಟಾಸಿಗ್ ಎಂಬ ಡಾಕ್ಟರಮ್ಮನ ಬಗ್ಗೆ ಓದಿದಾಗ.

ಈಕೆ ಅಮೆರಿಕದವರು, 1898ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಅಕ್ಷರ ಓದುವುದೇ ಕಷ್ಟ. 11ನೇ ವಯಸ್ಸಿಗೆ ತಾಯಿ ಕ್ಷಯರೋಗದಿಂದ ಹೋದರು. ಹಾರ್ವರ್ಡ್‌ನಲ್ಲಿ ಆಗ ಹೆಂಗಸರಿಗೆ ವೈದ್ಯ ಪದವಿ ಇರಲಿಲ್ಲ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1927ರಲ್ಲಿ ಡಾಕ್ಟರಾದರು, 1930ರಲ್ಲಿ ಮಕ್ಕಳ ಹೃದಯ ವಿಭಾಗದ ಮುಖ್ಯಸ್ಥೆಯಾದರು. ಆದರೆ ಕಿವಿ ಮಂದವಾಗುತ್ತಾ ಬಂತು. ಎದೆಬಡಿತ ಕೇಳಿಸದ ಹೃದಯದ ಡಾಕ್ಟರು ಏನು ಮಾಡಬೇಕು ಹೇಳಿ? ಅವರು ಮಗುವಿನ ಎದೆಯ ಮೇಲೆ ಬೆರಳಿಟ್ಟು ಬಡಿತವನ್ನು ಮುಟ್ಟಿ ತಿಳಿದುಕೊಂಡರು. ಗಂಟೆಗಟ್ಟಲೆ ಮಕ್ಕಳನ್ನು ನೋಡುತ್ತಾ ಕೂತರು.

ಅವರು ಕಂಡುಕೊಂಡದ್ದು ಇಷ್ಟು. ಈ ಮಕ್ಕಳ ಹೃದಯದ ಗೋಡೆಯಲ್ಲಿ ರಂಧ್ರವಿರುತ್ತದೆ, ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದಾಗಿರುತ್ತದೆ. ಸಾಕಷ್ಟು ರಕ್ತ ಶುದ್ಧವಾಗುವುದಿಲ್ಲ, ಅದಕ್ಕೇ ಮೈ ನೀಲಿ. ಕುಕ್ಕರುಗಾಲಲ್ಲಿ ಕೂತಾಗ ಕಾಲಿನ ನಾಳಗಳು ಅದುಮಿಕೊಂಡು ಶ್ವಾಸಕೋಶದ ಕಡೆಗೆ ಹೆಚ್ಚು ರಕ್ತ ಹೋಗುತ್ತದೆ. ಯಾರೂ ಹೇಳಿಕೊಡದೆ ಮಗುವೇ ಕಂಡುಕೊಂಡ ಔಷಧಿ ಅದು; ನಾನು ಎಬ್ಬಿಸುತ್ತಿದ್ದೆ! ಗರ್ಭದಲ್ಲಿದ್ದಾಗ ಎಲ್ಲ ಶಿಶುಗಳಿಗೂ ಇರುವ ಒಂದು ಚಿಕ್ಕ ನಾಳ ಹುಟ್ಟಿದ ಮೇಲೆ ಮುಚ್ಚಿಹೋಗುತ್ತದೆ. ಅದು ಮುಚ್ಚಿದಾಗ ಈ ಮಕ್ಕಳು ಇನ್ನೂ ನೀಲಿಯಾಗುತ್ತಾರೆ. ಹಾಗಾದರೆ ಅಂಥ ದಾರಿಯೊಂದನ್ನು ನಾವೇ ಮಾಡಬಾರದೇಕೆ ಎಂದು ಟಾಸಿಗ್ ಕೇಳಿದರು.

ಬಾಸ್ಟನ್ನಿನ ಒಬ್ಬ ಪ್ರಸಿದ್ಧ ಸರ್ಜನ್ ಒಪ್ಪಲಿಲ್ಲ. ಆಲ್ಫ್ರೆಡ್ ಬ್ಲಾಲಾಕ್ ಒಪ್ಪಿದರು. ಪ್ರಯೋಗಾಲಯದಲ್ಲಿ ನಾಯಿಗಳ ಮೇಲೆ ಇದನ್ನು ಮಾಡಿ ಕಲಿತವರು ವಿವಿಯನ್ ಥಾಮಸ್ ಎಂಬ ಕರಿಯ ಸಹಾಯಕ. ಬಡಗಿ ಕೆಲಸ ಕಲಿತಿದ್ದ, ಹಣವಿಲ್ಲದೆ ಡಾಕ್ಟರಾಗಲಾರದೆ ಹೋದ ಮನುಷ್ಯ. 1944ರ ನವೆಂಬರ್ 29ರಂದು ಐಲೀನ್ ಎಂಬ 15 ತಿಂಗಳ ಮಗುವಿಗೆ, ತೂಕ ಸುಮಾರು 4 ಕೆ.ಜಿ. ಅಷ್ಟೇ, ಕೈಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಜೋಡಿಸಿದರು. ಥಾಮಸ್ ಬ್ಲಾಲಾಕ್‌ರ ಬೆನ್ನ ಹಿಂದೆ ಸ್ಟೂಲಿನ ಮೇಲೆ ನಿಂತು ದಾರಿ ಹೇಳುತ್ತಿದ್ದರು. ಐಲೀನ್ ಚೇತರಿಸಿಕೊಂಡಳು, ಆದರೆ ಕೆಲವು ತಿಂಗಳ ಮೇಲೆ ತೀರಿಕೊಂಡಳು. ಮೂರನೆಯ ಮಗು ಆರು ವರ್ಷದ ಹುಡುಗ. ಅವನ ತುಟಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಕೆಂಪಾಯಿತು. ಆಮೇಲೆ ದೂರದೂರದಿಂದ ತಾಯಂದಿರು ಮಕ್ಕಳನ್ನೆತ್ತಿಕೊಂಡು ಬಂದರು. ಥಾಮಸ್‌ಗೆ ಗೌರವ ಡಾಕ್ಟರೇಟ್ ಸಿಕ್ಕಿದ್ದು 1976ರಲ್ಲಿ. ತಡವಾಯಿತು ಅಂತಲೇ ನನ್ನ ಅಭಿಪ್ರಾಯ.

ಈಗ ರಂಧ್ರವನ್ನೇ ಮುಚ್ಚಿ, ದಾರಿ ಅಗಲ ಮಾಡುವ ಪೂರ್ಣ ಶಸ್ತ್ರಚಿಕಿತ್ಸೆ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದಂದಿನಿಂದ 18 ವರ್ಷದವರೆಗೆ ತಪಾಸಣೆ ಉಚಿತ. ಹೃದಯದ ದೋಷ ಕಂಡರೆ ಮುಂದಿನ ಚಿಕಿತ್ಸೆಗೂ ಅವರೇ ಕಳಿಸುತ್ತಾರೆ.

ಹಾಲು ಕುಡಿಯುವಾಗ ಮಗು ಏದುಸಿರು ಬಿಟ್ಟು, ಹಣೆ ಬೆವರಿ, ನಡುವೆ ನಡುವೆ ಬಿಟ್ಟುಬಿಡುತ್ತದೆಯೇ? ತೂಕ ಏರುತ್ತಿಲ್ಲವೇ? ಅತ್ತಾಗ ತುಟಿ, ನಾಲಿಗೆ, ಉಗುರು ನೀಲಿಯಾಗುತ್ತವೆಯೇ? ಆಡುವಾಗ ಕುಕ್ಕರಿಸಿ ಕೂರುತ್ತದೆಯೇ? ತಾಯಿತ ಬಿಚ್ಚಿ ಎಂದು ನಾನು ಜಗಳಕ್ಕೆ ಬರುವುದಿಲ್ಲ, ಇರಲಿ. ಆದರೆ ಆ ವಾರವೇ ಆಶಾ ಕಾರ್ಯಕರ್ತೆಗೆ ಹೇಳಿ. ಅಂಗನವಾಡಿಗೆ ಡಾಕ್ಟರ ತಂಡ ಬರುವ ದಿನ ಮಗುವನ್ನು ಅಜ್ಜಿ ಮನೆಗೆ ಕಳಿಸಬೇಡಿ.